ಮಾರ್ವೆಲ್ ಸ್ನ್ಯಾಪ್: ಪೈಪೋಟಿಗೆ ನಿಲ್ಲುವ 12 ಕಾರ್ಡಿನ ಡೆಕ್ ಕಟ್ಟುವುದು, ಆಡುವುದು, ಬಿಟ್ಟೇಳುವುದು

ರಮ್ಮಿ ಆಡಿದವರಿಗೆ ಈ ಆಟದ ಅರ್ಧ ಗುಟ್ಟು ಆಗಲೇ ಗೊತ್ತಿರುತ್ತದೆ. ಹದಿಮೂರು ಎಲೆ ಕೈಗೆ ಬಂದಾಗ ಹೊಂದುವಂಥದ್ದು ಏನೂ ಕಾಣದಿದ್ದರೆ ಮೊದಲೇ ಡ್ರಾಪ್ ಮಾಡಿ 20 ಪಾಯಿಂಟ್ ಕೊಟ್ಟು ಏಳುತ್ತಾರೆ. ಆಸೆ ಬಿಡದೆ ಒಂದೆರಡು ಸುತ್ತು ಕೂತು ಎದ್ದರೆ 40. ಕೊನೆಯವರೆಗೂ ಕೂತು ಸಿಕ್ಕಿಬಿದ್ದರೆ 80ರ ಫುಲ್ ಕೌಂಟ್. ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಇಬ್ಬರು ಆಡುವ ಕಾರ್ಡಾಟ ಮಾರ್ವೆಲ್ ಸ್ನ್ಯಾಪ್‌ನಲ್ಲೂ ಹಾಗೆಯೇ. ಐರನ್ ಮ್ಯಾನ್, ಹಲ್ಕ್, ಡೆಡ್‌ಪೂಲ್ ಎಲ್ಲ ಕಣ್ಣಿಗೆ ಹಬ್ಬ. ಆದರೆ ರ‍್ಯಾಂಕ್ ಏರಿಸುವುದು ಗೆಲುವುಗಳ ಸಂಖ್ಯೆಯಲ್ಲ, ಗೆದ್ದಾಗ ಬಂದ ಕ್ಯೂಬ್ (ಆಟಕ್ಕೆ ಕಟ್ಟುವ ಪಣ) ಮತ್ತು ಸೋತಾಗ ಹೋದ ಕ್ಯೂಬ್‌ಗಳ ನಡುವಿನ ವ್ಯತ್ಯಾಸ.

ಒಂದು ಲೆಕ್ಕ ನೋಡಿ. ಒಬ್ಬರು 100 ಆಟದಲ್ಲಿ 55 ಗೆಲ್ಲುತ್ತಾರೆ, ಗೆದ್ದಾಗ ಸರಾಸರಿ 2 ಕ್ಯೂಬ್, ಸೋತಾಗ ಸರಾಸರಿ 3. ಬಂದದ್ದು 110, ಹೋದದ್ದು 135. ಕೈಗೆ 25 ನಷ್ಟ. ಇನ್ನೊಬ್ಬರು ಗೆಲ್ಲುವುದು 48 ಮಾತ್ರ, ಆದರೆ ಗೆದ್ದಾಗ 3, ಸೋತಾಗ ಒಂದೂವರೆ. ಬಂದದ್ದು 144, ಹೋದದ್ದು 78, 66 ಲಾಭ. ಹೆಚ್ಚು ಸೋತವರೇ ಮೇಲೆ ಹೋದರು. ಹಾಗಾಗಿ ಒಳ್ಳೆಯ ಡೆಕ್ ಎಂದರೆ ದೊಡ್ಡ ಕಾರ್ಡುಗಳಿರುವ ಡೆಕ್ ಅಲ್ಲ. ಈ ಆಟ ನಿಮ್ಮದೋ ಅಲ್ಲವೋ ಎಂಬುದನ್ನು ಮೂರು-ನಾಲ್ಕನೇ ಟರ್ನಿನೊಳಗೆ ನಿಮಗೆ ತಿಳಿಸಿಬಿಡುವ ಡೆಕ್. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ನಿಯಮದ ಅಂಕಿಗಳು

ಸೆಕೆಂಡ್ ಡಿನ್ನರ್ ಕಂಪನಿ ರೂಪಿಸಿದ, 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಆಟ ಇದು. ಕಾರ್ಡ್ ಕೂಡಿಸುವ ಆಟವಾದರೂ ಬೇರೆ ಆಟಗಾರರೊಂದಿಗೆ ಕಾರ್ಡ್ ಅದಲುಬದಲು ಮಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಎಲ್ಲ ಮೊಬೈಲ್ ಅಥವಾ ಕಂಪ್ಯೂಟರಿನೊಳಗೇ.

ಡೆಕ್‌ನಲ್ಲಿ 12 ಕಾರ್ಡು, ಒಂದೇ ಕಾರ್ಡು ಎರಡು ಬಾರಿ ಇರುವಂತಿಲ್ಲ. ಆಟಕ್ಕೆ 6 ಟರ್ನ್. ಕೈಯಲ್ಲಿ 3 ಕಾರ್ಡಿನಿಂದ ಶುರು, ಪ್ರತಿ ಟರ್ನಿಗೆ ಒಂದು ಸೇರುತ್ತದೆ. ಅಂದರೆ ಮೊದಲ ಟರ್ನಿನಲ್ಲಿ 4 ಕಾರ್ಡು ಕಂಡಿರುತ್ತೀರಿ, ಕೊನೆಯ ಟರ್ನಿನಲ್ಲಿ 9. ಕೈಯಲ್ಲಿ 7ಕ್ಕಿಂತ ಹೆಚ್ಚು ಹಿಡಿಯಲಾಗದು. ಟರ್ನ್ ಎಷ್ಟನೆಯದೋ ಅಷ್ಟು ಎನರ್ಜಿ (ಕಾರ್ಡು ಆಡಲು ತೆರುವ ಬೆಲೆ): 1, 2, 3 ಹೀಗೆ 6ರವರೆಗೆ, ಒಟ್ಟು 21. ಖರ್ಚಾಗದೆ ಉಳಿದ ಎನರ್ಜಿ ಮುಂದಿನ ಟರ್ನಿಗೆ ಬರುವುದಿಲ್ಲ. ಮೂರು ಲೊಕೇಶನ್ (ಕಾರ್ಡು ಇಡುವ ತಾಣ) ಮೊದಲ ಮೂರು ಟರ್ನಿನಲ್ಲಿ ಒಂದೊಂದಾಗಿ ತೆರೆದುಕೊಳ್ಳುತ್ತವೆ; ಪ್ರತಿಯೊಂದರಲ್ಲೂ ನಿಮಗೆ 4, ಎದುರಾಳಿಗೆ 4 ಜಾಗ. ಕಾರ್ಡುಗಳ ಪವರ್ (ಬಲದ ಅಂಕಿ) ಹೆಚ್ಚಿದ್ದು ಎರಡು ಲೊಕೇಶನ್ ಗೆದ್ದವರು ಆಟ ಗೆದ್ದಂತೆ. ತಲಾ ಒಂದು ಗೆದ್ದು ಮೂರನೆಯದು ಸಮವಾದರೆ ಒಟ್ಟು ಪವರ್ ನೋಡುತ್ತಾರೆ.

ಕ್ಯೂಬ್ ಹೀಗೆ ನಡೆಯುತ್ತದೆ: ಶುರುವಿಗೆ 1. ಯಾರೂ ಸ್ನ್ಯಾಪ್ ಮಾಡದೆ (ಪಣ ಇಮ್ಮಡಿಸುವ ಗುಂಡಿ ಒತ್ತದೆ) ಆಟ ಮುಗಿದರೆ ಕೊನೆಯಲ್ಲಿ ತಾನಾಗಿ ಇಮ್ಮಡಿಯಾಗಿ 2. ಒಬ್ಬರು ಸ್ನ್ಯಾಪ್ ಮಾಡಿದ್ದರೆ 4, ಇಬ್ಬರೂ ಮಾಡಿದ್ದರೆ 8. ಒಬ್ಬರು ಒಂದು ಆಟದಲ್ಲಿ ಒಮ್ಮೆ ಮಾತ್ರ ಸ್ನ್ಯಾಪ್ ಮಾಡಬಹುದು. ಬಹಳ ಜನ ಗಮನಿಸದ ಒಂದು ಸಂಗತಿ ಇದೆ: ಸ್ನ್ಯಾಪ್ ಒತ್ತಿದ ಕೂಡಲೇ ಪಣ ಏರುವುದಿಲ್ಲ, ಆ ಟರ್ನ್ ಮುಗಿದ ಮೇಲೆ ಏರುತ್ತದೆ. ಅದೇ ಟರ್ನಿನಲ್ಲಿ ರಿಟ್ರೀಟ್ ಮಾಡಿದವರು (ಆಟ ಬಿಟ್ಟು ಎದ್ದವರು) ಹಳೆಯ ಪಣವನ್ನಷ್ಟೇ ಕಳೆದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ. ಕಾರ್ಡುಗಳ ಎನರ್ಜಿ, ಪವರ್ ಸಂಖ್ಯೆಗಳನ್ನು ಕಂಪನಿ ಆಗಾಗ ತಿದ್ದುತ್ತದೆ. ಹಳೆಯ ಡೆಕ್ ಪಟ್ಟಿ ಹಿಡಿದು ಕೂರುವ ಮುನ್ನ ಪ್ರತಿ ಕಾರ್ಡನ್ನೂ ಒತ್ತಿ ಹಿಡಿದು ಅದರ ಮೇಲಿರುವುದನ್ನು ಓದಿ. ಇಲ್ಲಿ ಕೊಟ್ಟಿರುವ ಸಂಖ್ಯೆಗೂ ಅದೇ ಮಾತು.

ಹೆಜ್ಜೆ 1: ಗೆಲ್ಲುವ ದಾರಿ ಒಂದೇ ಇರಲಿ

ಹೊಸಬರ ಡೆಕ್ ತೆರೆದು ನೋಡಿದರೆ ಮದುವೆ ಮನೆಯ ಎಲೆಯಂತೆ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತದೆ. 12 ಕಾರ್ಡಿನಲ್ಲಿ ಎರಡು ಯೋಜನೆಗೆ ಜಾಗವಿಲ್ಲ. ಮುಖ್ಯ ಪಂಗಡಗಳು ಇವು: ತನ್ನ ಕಾರ್ಡನ್ನು ತಾನೇ ಕೊಂದು ಬಲ ಪಡೆಯುವ ಡಿಸ್ಟ್ರಾಯ್, ಕೈಯಲ್ಲಿರುವುದನ್ನು ಎಸೆದು ಅಪೊಕ್ಯಾಲಿಪ್ಸ್‌ನನ್ನು ಬೆಳೆಸುವ ಡಿಸ್ಕಾರ್ಡ್, ಐರನ್ ಮ್ಯಾನ್, ಆನ್‌ಸ್ಲಾಟ್, ಸ್ಪೆಕ್ಟ್ರಮ್ ಕಟ್ಟಿಕೊಂಡು ಕೊನೆಯಲ್ಲಿ ಉಬ್ಬುವ ಆನ್‌ಗೋಯಿಂಗ್ (ಕಾರ್ಡು ಕೂತಿರುವಷ್ಟು ಹೊತ್ತೂ ಕೆಲಸ ಮಾಡುವ ಶಕ್ತಿ), ಒಂದು ಎನರ್ಜಿಯ ಚಿಳ್ಳೆಪಿಳ್ಳೆಗಳನ್ನು ತುಂಬಿ ಕಾ-ಝಾರ್ ಮತ್ತು ಬ್ಲೂ ಮಾರ್ವೆಲ್‌ನಿಂದ ಎತ್ತುವ ಝೂ. ಎದುರಾಳಿಯ ಆಟ ಕೆಡಿಸುವುದನ್ನೇ ಕಸುಬು ಮಾಡಿಕೊಂಡ ಕಂಟ್ರೋಲ್ ಡೆಕ್‌ಗಳೂ ಇವೆ. ಅವಕ್ಕೆ ಎದುರಿನ ಡೆಕ್‌ಗಳೆಲ್ಲ ಬಾಯಿಪಾಠವಾಗಿರಬೇಕು, ಆದ್ದರಿಂದ ಮೊದಲ ಡೆಕ್ ಆಗಿ ಬೇಡ.

ಕಲಿಯಲು ಡಿಸ್ಟ್ರಾಯ್‌ನಷ್ಟು ಒಳ್ಳೆಯದು ಬೇರೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಕಾರ್ಡು ಇಡುವ ಕ್ರಮ, ಜಾಗದ ಲೆಕ್ಕ, ಎನರ್ಜಿಯ ಲೆಕ್ಕ ಮೂರನ್ನೂ ಅದು ಕಿವಿ ಹಿಂಡಿ ಕಲಿಸುತ್ತದೆ. ಮುಂದಿನ ಉದಾಹರಣೆಗಳೆಲ್ಲ ಅದರವೇ.

ಹೆಜ್ಜೆ 2: ಕಾರ್ಡು ಬರುವ ಸಾಧ್ಯತೆ ಎಣಿಸಿ

ಇದನ್ನು ಬಿಟ್ಟು ಡೆಕ್ ಕಟ್ಟುವವರೇ ಹೆಚ್ಚು. ಎಷ್ಟನೇ ಟರ್ನೋ ಅದಕ್ಕೆ 3 ಕೂಡಿಸಿದರೆ ಅಷ್ಟರೊಳಗೆ ಕಂಡ ಕಾರ್ಡುಗಳ ಸಂಖ್ಯೆ. ಇಷ್ಟೇ ಸೂತ್ರ.

ನಿರ್ದಿಷ್ಟವಾದ ಒಂದು ಕಾರ್ಡು ಕೊನೆಯ ಟರ್ನಿನೊಳಗೆ ಬರುವ ಸಾಧ್ಯತೆ 12ರಲ್ಲಿ 9, ಅಂದರೆ ಶೇ. 75. ನಾಲ್ಕನೇ ಟರ್ನಿನೊಳಗಾದರೆ ಶೇ. 58. ಎರಡು ನಿರ್ದಿಷ್ಟ ಕಾರ್ಡುಗಳೂ ಕೊನೆಯೊಳಗೆ ಬರಬೇಕೆಂದರೆ ಶೇ. 54.5. ಮೂರೂ ಬೇಕೆಂದರೆ ಶೇ. 38. ‘ಈ ಮೂರು ಸೇರಿದರೆ ಎದುರಾಳಿ ಉಡೀಸ್’ ಎಂದು ವಿಡಿಯೊದಲ್ಲಿ ಕಂಡ ಡೆಕ್ ನಿಮ್ಮ ಕೈಯಲ್ಲಿ ಯಾಕೆ ಕುಂಟುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ: ಐದು ಆಟದಲ್ಲಿ ಮೂರು ಸಲ ಆ ಮೂರು ಸೇರುವುದೇ ಇಲ್ಲ.

ಒಂದೇ ಕೆಲಸ ಮಾಡುವ ಕಾರ್ಡುಗಳನ್ನು ಹೆಚ್ಚಿಸಿದರೆ ಚಿತ್ರವೇ ಬದಲಾಗುತ್ತದೆ. ಎರಡರಲ್ಲಿ ಯಾವುದಾದರೂ ಒಂದು ಕೊನೆಯೊಳಗೆ ಬರುವ ಸಾಧ್ಯತೆ ಶೇ. 95.5. ಎರಡು ಎನರ್ಜಿಯ ಕಾರ್ಡುಗಳು ಮೂರಿದ್ದರೆ ಎರಡನೇ ಟರ್ನಿಗೆ ಒಂದಾದರೂ ಕೈಯಲ್ಲಿರುವ ಸಾಧ್ಯತೆ ಶೇ. 84, ನಾಲ್ಕಿದ್ದರೆ ಶೇ. 93. ಮೂರರಿಂದ ನಾಲ್ಕಕ್ಕೆ ಹೋಗುವ ಲಾಭ ಅಷ್ಟು ದೊಡ್ಡದಲ್ಲ; ಆ ನಾಲ್ಕನೆಯ ಜಾಗವನ್ನು ಬೇರೆಯದಕ್ಕೆ ಕೊಡಬಹುದು.

ಹೆಜ್ಜೆ 3: ಹನ್ನೆರಡನ್ನು ಜೋಡಿಸಿ

ಡಿಸ್ಟ್ರಾಯ್ ಡೆಕ್‌ನಲ್ಲಿ ಮೂರು ಬಗೆ ಇರಬೇಕು: ಸಾಯಲು ಹುಟ್ಟಿದವರು, ಕೊಲ್ಲುವವರು, ಸತ್ತವರ ಲೆಕ್ಕದ ಮೇಲೆ ಬದುಕುವವರು.

ಸಾಯುವವರು ಐವರು. ಡೆಡ್‌ಪೂಲ್ (1 ಎನರ್ಜಿ) ಸತ್ತಾಗ ಇಮ್ಮಡಿ ಪವರ್‌ನೊಂದಿಗೆ ಕೈಗೆ ಮರಳುತ್ತಾನೆ: 1, 2, 4, 8. ಎಕ್ಸ್-23 (1) ಸತ್ತರೆ ಯಾವುದೋ ಒಂದು ಲೊಕೇಶನ್‌ನಲ್ಲಿ ಮತ್ತೆ ಹುಟ್ಟಿ, ಮುಂದಿನ ಟರ್ನಿಗೆ 1 ಎನರ್ಜಿ ಹೆಚ್ಚು ಕೊಡುತ್ತಾಳೆ. ನೋವಾ (1) ಸಾಯುವಾಗ ನಿಮ್ಮ ಉಳಿದ ಕಾರ್ಡುಗಳಿಗೆಲ್ಲ 1 ಪವರ್ ಹಂಚುತ್ತಾನೆ. ಬಕ್ಕಿ ಬಾರ್ನ್ಸ್ (2) ಸತ್ತ ಜಾಗದಲ್ಲೇ ಅವನಿಗಿಂತ ಎಷ್ಟೋ ಬಲವಾದ ವಿಂಟರ್ ಸೋಲ್ಜರ್ ಎದ್ದು ನಿಲ್ಲುತ್ತಾನೆ. ವುಲ್ವರಿನ್ (2) ಸತ್ತಾಗ ಪವರ್ ಹೆಚ್ಚಿಸಿಕೊಂಡು ಬೇರೆಲ್ಲೋ ಹುಟ್ಟುತ್ತಾನೆ.

ಕೊಲ್ಲುವವರು ಮೂವರು: ಕಾರ್ನೇಜ್ (2), ವೆನಮ್ (3), ಡೆತ್‌ಲಾಕ್ (3). ಮೂವರೂ ಆ ಲೊಕೇಶನ್‌ನಲ್ಲಿರುವ ನಿಮ್ಮ ಉಳಿದ ಕಾರ್ಡುಗಳನ್ನು ನಾಶ ಮಾಡುತ್ತಾರೆ. ಕಾರ್ನೇಜ್ ತಲೆಗೆ 2ರಂತೆ ಬೆಳೆಯುತ್ತಾನೆ, ವೆನಮ್ ಸತ್ತವರ ಪವರನ್ನೇ ನುಂಗುತ್ತಾನೆ, ಡೆತ್‌ಲಾಕ್ ಏನೂ ಪಡೆಯುವುದಿಲ್ಲ ಆದರೆ ತಾನೇ ಗಟ್ಟಿ.

ಕೊಯ್ಲಿನವರು ಇಬ್ಬರು. ಡೆತ್‌ಳ ಮೂಲ ಬೆಲೆ 8, ಪವರ್ 12. ಆಟದಲ್ಲಿ ನಾಶವಾದ ಪ್ರತಿ ಕಾರ್ಡಿಗೂ ಬೆಲೆ ಒಂದು ಇಳಿಯುತ್ತದೆ. ಎದುರಾಳಿಯ ಕಾರ್ಡು ಸತ್ತರೂ ಇಳಿಯುತ್ತದೆ. ನಲ್ (6) ಸತ್ತ ಎಲ್ಲರ ಒಟ್ಟು ಪವರ್ ಹೊಂದಿರುತ್ತಾನೆ.

ಉಳಿದ ಎರಡು ಜಾಗ ಎದುರಾಳಿಗಾಗಿ. ಕಿಲ್‌ಮಂಗರ್ (3) ಎರಡೂ ಕಡೆಯ ಒಂದು ಎನರ್ಜಿ ಕಾರ್ಡುಗಳನ್ನು ಒರೆಸಿಹಾಕುತ್ತಾನೆ. ನಿಮ್ಮ ಡೆಡ್‌ಪೂಲ್, ನೋವಾ ಸತ್ತರೆ ಲಾಭವೇ. ಝೂ ಡೆಕ್ ಹಿಡಿದವರಿಗೆ ಸರ್ವನಾಶ. ಶಾಂಗ್-ಚಿ (4) ತಾನಿರುವ ಲೊಕೇಶನ್‌ನಲ್ಲಿ ಎದುರಾಳಿಯ ದೊಡ್ಡ ಕಾರ್ಡುಗಳನ್ನು ಉರುಳಿಸುತ್ತಾನೆ. ಎಷ್ಟು ಪವರ್ ಮೇಲ್ಪಟ್ಟು ಎಂಬ ಮಿತಿ ಬದಲಾಗಿದ್ದುಂಟು, ಕಾರ್ಡಿನ ಮೇಲೆ ನೋಡಿಕೊಳ್ಳಿ.

ಈಗ ಲೆಕ್ಕ. ಮೂರನೇ ಟರ್ನಿನೊಳಗೆ 6 ಕಾರ್ಡು ಕಂಡಿರುತ್ತೀರಿ. ಅಷ್ಟರಲ್ಲಿ ಕೊಲ್ಲುವವರು ಒಬ್ಬರಾದರೂ ಬರುವ ಸಾಧ್ಯತೆ ಶೇ. 91. ಸಾಯುವವರು ಇಬ್ಬರಾದರೂ ಬರುವ ಸಾಧ್ಯತೆ ಶೇ. 88. ಎರಡೂ ಒಟ್ಟಿಗೆ ಆಗುವುದು ಶೇ. 79. ಅಂದರೆ ಐದು ಆಟದಲ್ಲಿ ನಾಲ್ಕು ಸಲ ಮೂರನೇ ಟರ್ನಿಗೆ ಗಾಡಿ ಚಾಲೂ. ಐದನೆಯ ಸಲ ಆಗಲಿಲ್ಲವೇ, 1 ಕ್ಯೂಬ್ ಕೊಟ್ಟು ಎದ್ದುಬಿಡಿ. ನಿಮ್ಮದೇ ಡೆಕ್ ಕಟ್ಟಿಕೊಳ್ಳುವಾಗಲೂ ಈ ಪರೀಕ್ಷೆ ಮಾಡಿ: ಮೂರನೇ ಟರ್ನಿನಲ್ಲಿ ಕೈಯಲ್ಲಿ ಏನಿದ್ದರೆ ‘ಸರಿ ಇದೆ’ ಎನ್ನುತ್ತೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಡೆಕ್‌ಗೆ ಬೆನ್ನೆಲುಬಿಲ್ಲ.

ಡೆತ್, ನಲ್, ಎಕ್ಸ್-23 ಹೊಸಬರಿಗೆ ಬೇಗ ಸಿಗುವುದಿಲ್ಲ. ಸಿಗುವವರೆಗೆ ನಲ್ ಜಾಗಕ್ಕೆ ಹಲ್ಕ್, ಎಕ್ಸ್-23 ಜಾಗಕ್ಕೆ ಸೇಬರ್‌ಟೂತ್ (ಸತ್ತರೆ ಕೈಗೆ ಮರಳಿ ಪುಕ್ಕಟೆಯಾಗುತ್ತಾನೆ), ಡೆತ್ ಜಾಗಕ್ಕೆ 5 ಎನರ್ಜಿಯ ಯಾವುದಾದರೂ ಗಟ್ಟಿ ಕಾರ್ಡು ಇಡಿ. ಬಲ ಕಡಿಮೆಯಾಗುತ್ತದೆ, ಕಲಿಕೆ ಕಡಿಮೆಯಾಗುವುದಿಲ್ಲ.

ಹೆಜ್ಜೆ 4: ಇಡುವ ಕ್ರಮ

ಒಂದೇ ಟರ್ನಿನಲ್ಲಿ ಎರಡು ಕಾರ್ಡು ಇಟ್ಟರೆ ಇಟ್ಟ ಕ್ರಮದಲ್ಲೇ ತೆರೆದುಕೊಳ್ಳುತ್ತವೆ. ಡೆಡ್‌ಪೂಲ್ ಮೊದಲು, ಕಾರ್ನೇಜ್ ಆಮೇಲೆ. ತಿರುಗುಮುರುಗಾದರೆ ಕಾರ್ನೇಜ್ ತೆರೆದಾಗ ಡೆಡ್‌ಪೂಲ್ ಇನ್ನೂ ಮಗುಚಿ ಮಲಗಿರುತ್ತಾನೆ. ಕಾರ್ನೇಜ್‌ಗೆ ತಿನ್ನಲು ಏನೂ ಸಿಗುವುದಿಲ್ಲ. ಬೆರಳು ತಪ್ಪಿ ಸೋಲುವ ಆಟಗಳಲ್ಲಿ ಇದೇ ಮೊದಲನೆಯದು. ತಪ್ಪಾಗಿ ಇಟ್ಟಿದ್ದರೆ ಎಂಡ್ ಟರ್ನ್ ಒತ್ತುವ ಮುನ್ನ ಕಾರ್ಡನ್ನು ಕೈಗೆ ಎಳೆದುಕೊಂಡು ಮತ್ತೆ ಇಡಬಹುದು.

ಒಂದು ಪೂರ್ತಿ ಆಟವನ್ನು ಹತ್ತಿರದಿಂದ ನೋಡೋಣ.

ಟರ್ನ್ 1: ಡೆಡ್‌ಪೂಲ್ ಎಡಕ್ಕೆ.

ಟರ್ನ್ 2: ಕಾರ್ನೇಜ್ ಎಡಕ್ಕೆ. ಡೆಡ್‌ಪೂಲ್ ಸತ್ತು 2 ಪವರ್ ಆಗಿ ಕೈಗೆ. ಸತ್ತವರು ಒಬ್ಬರು.

ಟರ್ನ್ 3: ಡೆಡ್‌ಪೂಲ್ ಮತ್ತು ಬಕ್ಕಿ ನಡುವಿನ ಲೊಕೇಶನ್‌ಗೆ. 1+2, ಮೂರೂ ಎನರ್ಜಿ ಖಾಲಿ.

ಟರ್ನ್ 4: ನಡುವಿಗೆ ಮೊದಲು ಎಕ್ಸ್-23, ಆಮೇಲೆ ವೆನಮ್. 1+3. ಈಗ ಅಲ್ಲಿನ ನಾಲ್ಕೂ ಜಾಗ ತುಂಬಿತ್ತು, ವೆನಮ್ ತೆರೆದಾಗ ಮೂವರು ಸತ್ತರು. ಡೆಡ್‌ಪೂಲ್ 4 ಪವರ್ ಆಗಿ ಕೈಗೆ, ಬಕ್ಕಿಯ ಜಾಗದಲ್ಲಿ ವಿಂಟರ್ ಸೋಲ್ಜರ್, ಎಕ್ಸ್-23 ಎಲ್ಲೋ ಹುಟ್ಟಿದಳು. ಸತ್ತವರು ನಾಲ್ವರು.

ಟರ್ನ್ 5: ಎಕ್ಸ್-23ರ ಕೊಡುಗೆ ಸೇರಿ 6 ಎನರ್ಜಿ. ಬಲಕ್ಕೆ ಡೆಡ್‌ಪೂಲ್ (1), ವುಲ್ವರಿನ್ (2), ಕೊನೆಗೆ ಡೆತ್‌ಲಾಕ್ (3). ಇಬ್ಬರು ಸತ್ತರು, ಒಟ್ಟು ಆರು. ಡೆಡ್‌ಪೂಲ್ ಈಗ 8. ಡೆತ್‌ಳ ಬೆಲೆ 8ರಿಂದ 2ಕ್ಕೆ ಇಳಿಯಿತು.

ಟರ್ನ್ 6: ಡೆತ್ (2), ಡೆಡ್‌ಪೂಲ್ (1), ಇನ್ನೂ 3 ಎನರ್ಜಿ ಕೈಯಲ್ಲಿ. ಮೂರೇ ಎನರ್ಜಿಗೆ 20 ಪವರ್ ಇಳಿದಂತಾಯಿತು.

ಒಂದು ಸೊಗಸು ಇದೆ. ನಾಲ್ಕನೇ ಟರ್ನಿನಲ್ಲಿ ಎಕ್ಸ್-23 ಬಲಗಡೆಯೇ ಹುಟ್ಟಿದ್ದರೆ ಐದನೆಯದರಲ್ಲಿ ಡೆತ್‌ಲಾಕ್ ಅವಳನ್ನೂ ಕೊಲ್ಲುತ್ತಾನೆ. ಆಗ ಸತ್ತವರು ಏಳು, ಡೆತ್‌ಳ ಬೆಲೆ 1, ಕೊನೆಯ ಟರ್ನಿಗೆ 7 ಎನರ್ಜಿ. ಡೆತ್ 1, ನಲ್ 6. ಪೈಸೆ ಉಳಿಯದಂತೆ ಲೆಕ್ಕ ಚುಕ್ತಾ.

ಆದರೆ ಹಿಗ್ಗಬೇಡಿ. ಈ ಆಟಕ್ಕೆ ನಲ್ ಸೇರಿ ಬೇಕಾದ ಒಂಬತ್ತು ಕಾರ್ಡುಗಳೇ ಆ ಒಂಬತ್ತಾಗಿ ಬರುವುದು 220 ಸಲಕ್ಕೆ ಒಮ್ಮೆ. ಕ್ರಮವಾಗಿ ಬರುವುದು ಇನ್ನೂ ಅಪರೂಪ. ಇದನ್ನು ನೋಡಿದ್ದು ಬಾಯಿಪಾಠ ಮಾಡಲಿಕ್ಕಲ್ಲ. ಗಮನಿಸಬೇಕಾದ್ದು ಮೂರು: ಐದನೇ ಟರ್ನಿನವರೆಗೆ ಪ್ರತಿ ಸಲವೂ ಎನರ್ಜಿ ಪೂರ್ತಿ ಖರ್ಚಾಯಿತು, ಕೊಲ್ಲುವವರು ಯಾವಾಗಲೂ ಕೊನೆಗೆ ಬಿದ್ದರು, ಯಾವ ಲೊಕೇಶನ್ನೂ ಕೆಲಸಕ್ಕೆ ಬಾರದ ಕಾರ್ಡಿನಿಂದ ಅಡಚಿಕೊಳ್ಳಲಿಲ್ಲ.

ಮಾಮೂಲಿ ತಪ್ಪುಗಳು: ಒಬ್ಬನನ್ನೇ ಕೊಲ್ಲಲು ವೆನಮ್‌ನನ್ನು ಮೂರನೇ ಟರ್ನಿನಲ್ಲೇ ಹಾಕಿಬಿಡುವುದು, ಬೆಳೆದ ವೆನಮ್ ಇರುವ ಕಡೆಗೇ ಡೆತ್‌ಲಾಕ್ ಇಟ್ಟು ದುಡಿದದ್ದನ್ನು ನೀರಿಗೆ ಹೋಮ ಮಾಡುವುದು, ಡೆಡ್‌ಪೂಲ್ ಕೈಯಲ್ಲಿದ್ದಾಗ ಒಂದು ಎನರ್ಜಿ ಹಾಗೇ ಬಿಟ್ಟು ಟರ್ನ್ ಮುಗಿಸುವುದು.

ಹೆಜ್ಜೆ 5: ಲೊಕೇಶನ್ ಓದುವುದು

ವಕಾಂಡಾದಲ್ಲಿ ಕಾರ್ಡು ನಾಶವಾಗುವುದಿಲ್ಲ, ಆದ್ದರಿಂದ ಅದು ನಿಮ್ಮ ಅಡುಗೆಮನೆಯಲ್ಲ. ಆದರೆ ಶಾಂಗ್-ಚಿ ಭಯವಿಲ್ಲದೆ ಡೆತ್ ಇಡಲು ಅದಕ್ಕಿಂತ ಭದ್ರ ಜಾಗವಿಲ್ಲ. ನೋವ್ಹೇರ್‌ನಲ್ಲಿ ಆನ್ ರಿವೀಲ್ (ಕಾರ್ಡು ತೆರೆದಾಗ ನಡೆಯುವ ಶಕ್ತಿ) ಕೆಲಸ ಮಾಡುವುದಿಲ್ಲ, ಅಲ್ಲಿ ಕಾರ್ನೇಜ್, ವೆನಮ್ ಬರೀ ಬೊಂಬೆ. ಡೆತ್ಸ್ ಡೊಮೇನ್‌ನಲ್ಲಿ ಆಡಿದ ಕಾರ್ಡು ತಕ್ಷಣ ಸಾಯುತ್ತದೆ: ಬೇರೆಯವರಿಗೆ ಶಾಪ, ನಿಮಗೆ ಒಂದು ಎನರ್ಜಿಗೆ ಡೆಡ್‌ಪೂಲ್‌ನನ್ನು ಇಮ್ಮಡಿಗೊಳಿಸುವ ಗಿರಣಿ. ಸ್ಯಾಂಕ್ಟಮ್ ಸ್ಯಾಂಕ್ಟೋರಮ್‌ನಲ್ಲಿ ಕಾರ್ಡು ಆಡುವಂತಿಲ್ಲ, ಆದರೆ ವುಲ್ವರಿನ್, ಎಕ್ಸ್-23 ಅಲ್ಲಿ ಹುಟ್ಟಬಹುದು. ಒಬ್ಬ ವುಲ್ವರಿನ್ ಒಂದು ಲೊಕೇಶನ್ನನ್ನೇ ಗೆದ್ದುಕೊಟ್ಟದ್ದು ಹೀಗೆ. ಲಿಂಬೋ ಬಂದರೆ ಏಳನೇ ಟರ್ನ್ ಇದೆ: ಒಂದು ಕಾರ್ಡು, 7 ಎನರ್ಜಿ ಹೆಚ್ಚು. ಕೊನೆಯಲ್ಲಿ ಬೆಳೆಯುವ ಈ ಡೆಕ್‌ಗೆ ಅದು ಒಳ್ಳೆಯ ಸುದ್ದಿ.

ಮೊದಲ ಎರಡು ಟರ್ನಿನಲ್ಲಿ ಇನ್ನೂ ತೆರೆಯದ ಲೊಕೇಶನ್‌ಗೆ ಮುಖ್ಯ ಕಾರ್ಡು ಇಡುವುದು ಜೂಜು. ಬೇರೆ ದಾರಿಯಿಲ್ಲದಾಗ ಮಾತ್ರ ಇಡಿ.

ಹೆಜ್ಜೆ 6: ಯಾರು ಮೊದಲು ತೆರೆಯುತ್ತಾರೆ

ಆ ಕ್ಷಣಕ್ಕೆ ಹೆಚ್ಚು ಲೊಕೇಶನ್ ಗೆಲ್ಲುತ್ತಿರುವವರ ಕಾರ್ಡು ಮೊದಲು ತೆರೆಯುತ್ತದೆ. ಅದು ಸಮವಾದರೆ ಒಟ್ಟು ಪವರ್ ಹೆಚ್ಚಿದ್ದವರದು. ಅದೂ ಸಮವಾದರೆ ಚೀಟಿ ಎತ್ತಿದಂತೆ. ತೆರೆಯ ಮೇಲೆ ಆಟಗಾರರ ಹೆಸರು ಹೊಳೆಯುವುದನ್ನು ನೋಡಿ ತಿಳಿಯಬಹುದು.

ಇದರ ಮಹತ್ವ ಕೊನೆಯ ಟರ್ನಿನಲ್ಲಿ. ನಿಮ್ಮ ಕೈಯಲ್ಲಿ ಶಾಂಗ್-ಚಿ ಇದ್ದರೆ ನೀವು ಹಿಂದಿರಬೇಕು: ಎದುರಾಳಿಯ ದೊಡ್ಡ ಕಾರ್ಡು ಮೊದಲು ತೆರೆದು, ಆಮೇಲೆ ಶಾಂಗ್-ಚಿ ಬಂದರೆ ಹೊಡೆತ ತಗುಲುತ್ತದೆ. ಮೊದಲೇ ತೆರೆದರೆ ಗಾಳಿಗೆ ಗುದ್ದಿದಂತೆ. ನಿಮ್ಮ ಡೆತ್‌ಗೂ ಇದೇ ಲೆಕ್ಕ ತಿರುಗಿಸಿ: ಮುಂದಿದ್ದು ಡೆತ್ ಇಟ್ಟರೆ ಎದುರಾಳಿಯ ಶಾಂಗ್-ಚಿಗೆ ಬಾಯಿತುತ್ತು, ಹಿಂದಿದ್ದರೆ ಅವನು ಹೊಡೆದಾದ ಮೇಲೆ ಡೆತ್ ಬಂದು ಕೂರುತ್ತಾಳೆ. ಐದನೇ ಟರ್ನಿನಲ್ಲಿ ಬೇಕೆಂದೇ ಒಂದು ಲೊಕೇಶನ್‌ನಲ್ಲಿ ಹಿಂದುಳಿಯುವುದು ಬಲ್ಲವರ ಲಕ್ಷಣ. ಮುಂದಿರಲೇಬೇಕಾದ ಸ್ಥಿತಿಯಾದರೆ ಡೆತ್ ಮತ್ತು ಡೆಡ್‌ಪೂಲ್‌ರನ್ನು ಒಂದೇ ಕಡೆ ಇಡಬೇಡಿ.

ನಲ್‌ನ ವಿಷಯ ಇನ್ನೂ ಸೂಕ್ಷ್ಮ. ಅವನ ಶಕ್ತಿ ಆನ್‌ಗೋಯಿಂಗ್. ಆನ್‌ಗೋಯಿಂಗ್ ಶಕ್ತಿಗಳನ್ನು ಅಳಿಸುವ ಎನ್‌ಚಾಂಟ್ರೆಸ್ ಆ ಲೊಕೇಶನ್‌ಗೆ ಬಂದರೆ ಅವನು ಸೊನ್ನೆ.

ಹೆಜ್ಜೆ 7: ಸ್ನ್ಯಾಪ್, ರಿಟ್ರೀಟ್

ಕಷ್ಟದ ಗಣಿತವೇನಿಲ್ಲ. ಎದುರಾಳಿ ಹಿಂದೆಯೇ ಸ್ನ್ಯಾಪ್ ಮಾಡಿದ್ದಾರೆ, ಪಣ ಈಗ 2, ಕೊನೆಯಲ್ಲಿ 4. ಏಳುವುದಾದರೆ 2 ಹೋಗುತ್ತದೆ. ಕೂತರೆ 4 ಬರಬಹುದು, 4 ಹೋಗಬಹುದು. ನಾಲ್ಕು ಸಲ ಕೂತು ಒಂದು ಸಲ ಗೆದ್ದರೆ 4 ಬಂದು 12 ಹೋಗಿ 8 ನಷ್ಟ. ನಾಲ್ಕೂ ಸಲ ಎದ್ದಿದ್ದರೂ ಅಷ್ಟೇ 8 ನಷ್ಟ. ಆದ್ದರಿಂದ ಗಡಿ ಶೇ. 25. ಗೆಲ್ಲುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಕೂರಿ, ಕಡಿಮೆಯಿದ್ದರೆ ಏಳಿ. ಪಣ 4ರಿಂದ 8ಕ್ಕೆ ಹೋಗುವಾಗಲೂ ಇದೇ ಗಡಿ.

ಎದುರಾಳಿ ಕೊನೆಯ ಟರ್ನಿನಲ್ಲೇ ಸ್ನ್ಯಾಪ್ ಮಾಡಿದರೆ ಗಡಿ ಬೇರೆ. ಏಳುವುದಕ್ಕೆ ಇನ್ನೂ 1 ಮಾತ್ರ, ಕೂತರೆ ಪಣ 4. ಆಗ ಶೇ. 37.5 ಸಾಧ್ಯತೆಯಾದರೂ ಬೇಕು. ಕೊನೆಗಳಿಗೆಯಲ್ಲಿ ಸ್ನ್ಯಾಪ್ ಮಾಡುವವರು ಸಾಮಾನ್ಯವಾಗಿ ಕೈಯಲ್ಲಿ ಕಾರ್ಡು ಇಟ್ಟುಕೊಂಡೇ ಮಾಡುತ್ತಾರೆ ಎಂಬುದನ್ನೂ ಸೇರಿಸಿದರೆ, ಅನುಮಾನವಿದ್ದಾಗ ಏಳುವುದೇ ಸರಿ.

ನೀವು ಯಾವಾಗ ಮಾಡಬೇಕು? ಆರನೇ ಟರ್ನಿನಲ್ಲಿ ಗೆಲುವು ಖಾತ್ರಿಯಾದ ಮೇಲೆ ಸ್ನ್ಯಾಪ್ ಮಾಡಿದರೆ ಎದುರಿನವರಿಗೂ ಅದು ಕಾಣುತ್ತಿರುತ್ತದೆ. 1 ಕೊಟ್ಟು ಹೋಗುತ್ತಾರೆ. ಹೆಜ್ಜೆ 3ರಲ್ಲಿ ಬರೆದ ವಾಕ್ಯ ಈಗ ಕೆಲಸಕ್ಕೆ ಬರುತ್ತದೆ. ಮೂರನೇ ಟರ್ನಿನಲ್ಲಿ ಒಬ್ಬ ಕೊಲ್ಲುವವನು, ಇಬ್ಬರು ಸಾಯುವವರು ಕೈಯಲ್ಲಿದ್ದು, ತೆರೆದ ಲೊಕೇಶನ್‌ಗಳು ಅಡ್ಡಿಯಾಗದಿದ್ದರೆ ಆಗಲೇ ಸ್ನ್ಯಾಪ್ ಮಾಡಿ. ಎದುರಾಳಿಗೆ ಆಗಿನ್ನೂ ಆಸೆ ಇರುತ್ತದೆ, ಆಸೆ ಇದ್ದವರು ಏಳುವುದಿಲ್ಲ. ಆಮೇಲೆ ಪರಿಸ್ಥಿತಿ ಕೆಟ್ಟರೆ ನೀವೇ ಸ್ನ್ಯಾಪ್ ಮಾಡಿದ ಆಟದಿಂದ 2 ಕೊಟ್ಟು ಏಳಲು ನಾಚಬೇಡಿ. ‘ನಾನೇ ಪಣ ಏರಿಸಿದೆ, ಈಗ ಹೇಗೆ ಬಿಡಲಿ’ ಎಂಬ ಹಟಕ್ಕೆ ಹೋಗುವ ಕ್ಯೂಬ್‌ಗಳೇ ಜಾಸ್ತಿ.

ಎದ್ದೇಳಲು ಗಂಟೆ ಬಾರಿಸುವ ಸಂದರ್ಭಗಳು: ನಿಮ್ಮ ಸಾಯುವ ಕಾರ್ಡುಗಳ ಮೇಲೆ ಎದುರಾಳಿಯ ಆರ್ಮರ್ ಬಂದು ಕೂತಿದೆ (ಅಲ್ಲಿ ಎರಡೂ ಕಡೆ ಏನೂ ಸಾಯುವುದಿಲ್ಲ); ವೆನಮ್ ಇಡಬೇಕಾದ ಕಡೆ ಕಾಸ್ಮೋ ಬಂದಿದೆ (ಅಲ್ಲಿ ಆನ್ ರಿವೀಲ್ ನಡೆಯುವುದಿಲ್ಲ); ನಾಲ್ಕನೇ ಟರ್ನ್ ಮುಗಿದರೂ ಸತ್ತವರು ಎರಡಕ್ಕಿಂತ ಕಡಿಮೆ. ಕೊನೆಯದು ಮುಖ್ಯ, ಯಾಕೆಂದರೆ ಆಗ ಡೆತ್‌ಳ ಬೆಲೆ ಕೊನೆಯ ಟರ್ನಿಗೆ ಹೇಗೋ ಏದುಸಿರು ಬಿಟ್ಟು ಇಳಿದರೂ ಜೊತೆಗೆ ಇನ್ನೊಂದು ಕಾರ್ಡು ಆಡಲು ಎನರ್ಜಿ ಇರುವುದಿಲ್ಲ.

ಹೆಜ್ಜೆ 8: ಎದುರಾಳಿಗಾಗಿ ಎಷ್ಟು ಜಾಗ

ಒಂದು ಅಥವಾ ಎರಡು. ಮೂರಾದರೆ ಅದು ನಿಮ್ಮ ಡೆಕ್ ಅಲ್ಲ, ಎದುರಿನವರ ಡೆಕ್‌ನ ನೆರಳು. ಒಂದು ನಿರ್ದಿಷ್ಟ ಕಾರ್ಡು ಕೊನೆಯವರೆಗೂ ಬಾರದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂಬುದು ನೆನಪಿರಲಿ. ಊಟಕ್ಕಿಲ್ಲದ ಉಪ್ಪಿನಕಾಯಿಗೆ ಜಾಗ ಕೊಡುವ ಮುನ್ನ ಎದುರಿಗೆ ಏನು ಹೆಚ್ಚು ಬರುತ್ತಿದೆ ಎಂದು ಎಣಿಸಿ. ಆನ್‌ಗೋಯಿಂಗ್ ಹಿಡಿದವರೇ ಸಾಲುಗಟ್ಟಿದ್ದರೆ ಶಾಂಗ್-ಚಿ ತೆಗೆದು ಎನ್‌ಚಾಂಟ್ರೆಸ್ ಹಾಕಿ. ಆದರೆ ನೆನಪಿಡಿ, ಅವಳು ನಿಮ್ಮ ನಲ್ ಪಕ್ಕ ಕೂರಬಾರದು. ಕಾಸ್ಮೋ, ಆರ್ಮರ್ ಒಳ್ಳೆಯ ಕಾರ್ಡುಗಳೇ, ಈ ಡೆಕ್‌ಗಲ್ಲ: ನಿಮ್ಮ ಕೈಯನ್ನೇ ಕಟ್ಟುತ್ತವೆ.

ಹೆಜ್ಜೆ 9: ಪರೀಕ್ಷೆ

ಡೆಕ್ ಮುಟ್ಟದೆ 30 ಆಟ ಆಡಿ. ಎರಡು ಸೋತ ಕೂಡಲೇ ಕಾರ್ಡು ಬದಲಿಸುವುದು ಸಾರು ಕುದಿಯುವ ಮೊದಲೇ ಉಪ್ಪು ಸುರಿದಂತೆ. ಒಂದು ಹಾಳೆಯಲ್ಲಿ ನಾಲ್ಕು ಕಲಂ ಸಾಕು: ಬಂದ ಅಥವಾ ಹೋದ ಕ್ಯೂಬ್, ಎದ್ದಿದ್ದರೆ ಯಾವ ಟರ್ನಿನಲ್ಲಿ, ಖರ್ಚಾಗದೆ ಉಳಿದ ಎನರ್ಜಿ ಒಟ್ಟು ಎಷ್ಟು, ಕೊನೆಯಲ್ಲಿ ಕೈಯಲ್ಲೇ ಸಿಕ್ಕಿಕೊಂಡ ಕಾರ್ಡು ಯಾವುದು.

30 ಆಟದ ಗೆಲುವಿನ ಪ್ರಮಾಣ ನೋಡಿ ತೀರ್ಮಾನ ಮಾಡಬೇಡಿ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದೃಷ್ಟವೊಂದೇ ಶೇ. 9ರಷ್ಟು ಮೇಲೆ ಕೆಳಗೆ ತೂಗಾಡಿಸುತ್ತದೆ, ಶೇ. 50ರ ಡೆಕ್‌ಗೂ 55ರ ಡೆಕ್‌ಗೂ ವ್ಯತ್ಯಾಸ ಕಾಣುವುದಿಲ್ಲ. ಮೂರನೇ ಮತ್ತು ನಾಲ್ಕನೇ ಕಲಂ ಮಾತ್ರ ಬೇಗ ನಿಜ ಹೇಳುತ್ತವೆ. ಆಟಕ್ಕೆ ಸರಾಸರಿ 3 ಎನರ್ಜಿಗಿಂತ ಹೆಚ್ಚು ಉಳಿಯುತ್ತಿದ್ದರೆ ಕಡಿಮೆ ಬೆಲೆಯ ಕಾರ್ಡು ಸಾಲದು. ಒಂದೇ ಕಾರ್ಡು ಮತ್ತೆ ಮತ್ತೆ ಕೈಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅದನ್ನು ತೆಗೆಯಿರಿ, ಎಷ್ಟೇ ಚಂದದ ಚಿತ್ರವಿರಲಿ. ಸಾಮಾನ್ಯವಾಗಿ ಅದು ನಲ್ ಆಗಿರುತ್ತಾನೆ. ಬದಲಿಸುವುದು ಒಂದು ಸಲಕ್ಕೆ ಒಂದೇ ಕಾರ್ಡು.

ಎರಡನೇ ಕಲಂ ನಿಮ್ಮ ಬಗ್ಗೆ ಹೇಳುತ್ತದೆ, ಡೆಕ್ ಬಗ್ಗೆ ಅಲ್ಲ. ರಿಟ್ರೀಟ್‌ಗಳೆಲ್ಲ ಆರನೇ ಟರ್ನಿನಲ್ಲೇ ಇದ್ದರೆ ತಡವಾಗಿ ಏಳುತ್ತಿದ್ದೀರಿ. ಒಂದೂ ಇಲ್ಲದಿದ್ದರೆ ಏಳುವುದನ್ನೇ ಕಲಿತಿಲ್ಲ.

ಕಾಂಕ್ವೆಸ್ಟ್‌ಗೆ ಹೋಗುವವರಿಗೆ

ಒಬ್ಬರೇ ಎದುರಾಳಿಯೊಂದಿಗೆ ಸಾಲಾಗಿ ಆಟ ಆಡುವ ಈ ಬಗೆಯಲ್ಲಿ ಇಬ್ಬರಿಗೂ ತಲಾ 10 ಹೆಲ್ತ್. ಸೋತ ಕ್ಯೂಬ್ ಅದರಿಂದ ಕಳೆಯುತ್ತದೆ, ಸೊನ್ನೆಯಾಗುವವರೆಗೆ ಅವೇ ಎರಡು ಡೆಕ್ ಎದುರಾಬದುರು ಆಡುತ್ತವೆ. ಎರಡನೇ ಆಟದ ಹೊತ್ತಿಗೆ ನಿಮ್ಮದು ಡಿಸ್ಟ್ರಾಯ್ ಎಂದು ಎದುರಾಳಿಗೆ ಗೊತ್ತು. ಅವರ ಆರ್ಮರ್ ನಿಮ್ಮ ಬಕ್ಕಿ ಬಿದ್ದಲ್ಲಿಗೇ ಬರುತ್ತದೆ. ಹಾಗಾಗಿ ಮೊದಲ ಆಟದಲ್ಲಿ ಬೇಗ ಏಳುವುದಾದರೆ ಶಾಂಗ್-ಚಿ, ಕಿಲ್‌ಮಂಗರ್‌ರನ್ನು ತೋರಿಸದೆ ಏಳಿ. ಅವರ ಯಾವ ಕಾರ್ಡು ಎಷ್ಟನೇ ಟರ್ನಿನಲ್ಲಿ ಬಂತು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. 12ರಲ್ಲಿ 9 ಕಂಡುಹಿಡಿದ ಮೇಲೆ ಉಳಿದ ಮೂರನ್ನು ಊಹಿಸುವುದು ಕಷ್ಟವಲ್ಲ. ನಿಮ್ಮ ಹೆಲ್ತ್ 2 ಉಳಿದಿದ್ದು ಅವರದು 8 ಇದ್ದರೆ ಶೇ. 25ರ ಗಡಿ ಮರೆತುಬಿಡಿ. ಒಂದೊಂದೇ ಹೆಲ್ತ್ ಕೊಟ್ಟು ಏಳುವುದಕ್ಕೂ ಜಾಗ ಉಳಿದಿಲ್ಲ, ಕೈ ಸ್ವಲ್ಪ ಚೆನ್ನಾಗಿದ್ದರೂ ಮೊದಲ ಟರ್ನಿನಲ್ಲೇ ಸ್ನ್ಯಾಪ್ ಮಾಡಿ.